ಪೇಟ ಕಟ್ಟಿದವರೆಲ್ಲ ಸರ್ ಎಂ.ವಿ. ಅಲ್ಲ ಕಣೋ

ಪ್ರೀತಿಯ ಗೆಳೆಯ,

ನಿಮ್ಮ ಅಟ್ಟದಲ್ಲಿ ಸಿಕ್ಕ ಪೇಟದ ತಾತನ ಪೇಸ್ಟಲ್ ಚಿತ್ರ ನೋಡಿದೆ. ‘ಸರ್ ಎಂ.ವಿ. ಅಂತ ಬರೆದು ಹಾಕಲಾ?’ ಅಂದಿದ್ದೀಯ. ತಡಿ. ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಜರಿಪೇಟ, ಕೋಟು ಕಂಡರೆ ಅವರ ಹುಟ್ಟೂರು ಮುದ್ದೇನಹಳ್ಳಿಯೇ ನೆನಪಾಗುತ್ತೆ. ಆದರೆ ಅಮಲ್ದಾರರು, ವಕೀಲರು, ಮೇಷ್ಟ್ರುಗಳ ಉಡುಪೂ ಅದೇ ಆಗಿತ್ತು.

ಮೊದಲು ಅಮ್ಮನಿಗೆ ಹೇಳು, ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಬಾರದು. ಪೇಸ್ಟಲ್ ಅಂದರೆ ಬಣ್ಣದ ಪುಡಿ, ಜೊತೆಗೆ ಚೂರೇ ಚೂರು ಅಂಟು. ಕಾಗದದ ತರಿಯಲ್ಲಿ ಸಿಕ್ಕಿಕೊಂಡು ನಿಂತಿರುತ್ತೆ ಅಷ್ಟೆ. ಗಾಜು ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟಿ ಪುಡಿಯನ್ನು ಎಳೆದುಕೊಳ್ಳುತ್ತೆ. ಬೋರಲು ಹಾಕಬೇಡ, ಚೌಕಟ್ಟಿಗೆ ಮೊಳೆ ಬಡಿಯಬೇಡ. ಪುಡಿ ಉದುರದಂತೆ ಸಿಂಪಡಿಸುವ ಫಿಕ್ಸೇಟಿವ್ ಅಂಟುದ್ರವ ಹೊಡೆಸಿದರೆ ಬಣ್ಣ ಕಪ್ಪಿಡುತ್ತೆ.

ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡು. ಸಾಲುಸಾಲು ಚುಕ್ಕಿ ಕಂಡರೆ ಅದು ಅಚ್ಚು. ಕಣ್ಣು, ಮೂಗಿನ ಬಳಿ ಬಣ್ಣದಡಿ ನಯವಾದ ಬೂದುನೆರಳು ಇಣುಕಿದರೆ, ದೊಡ್ಡದು ಮಾಡಿದ ಫೋಟೊ ಮೇಲೆ ಕೈಯಿಂದ ಬಣ್ಣ ಹಚ್ಚಿದ್ದು. ಆಗ ಕಲಾವಿದನ ಸಹಿಗಿಂತ ಸ್ಟುಡಿಯೊ ಹೆಸರು ಹುಡುಕಬೇಕು. ಸಹಿ ಇದ್ದರೆ ಹೆಚ್ಚಾಗಿ ಕೆಳಗಿನ ಮೂಲೆಗಳಲ್ಲಿ, ಕೆಲವೊಮ್ಮೆ ಚಿತ್ರದ ಸುತ್ತ ಇಡುವ ರಟ್ಟಿನ ಅಂಚು, ಅಂದರೆ ಮೌಂಟ್ ಅಡಿಯಲ್ಲಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿ.

ಹಿಂಬದಿಯಲ್ಲಿ ಚೌಕಟ್ಟಿನ ಅಂಗಡಿಯವರು ಅಂಟಿಸಿದ ಚೀಟಿಯನ್ನು ಚಿತ್ರ ನಿಲ್ಲಿಸಿಕೊಂಡೇ ಫೋಟೊ ತೆಗೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಚೀಟಿ 1972ರ ಈಚಿನದು. ಆದರೆ ಅದು ಚೌಕಟ್ಟಿನ ವಯಸ್ಸು, ಚಿತ್ರದ್ದಲ್ಲ. ಚೌಕಟ್ಟು ಹಾಕಿದವನನ್ನೇ ಕಲಾವಿದ ಅಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು.

ಮುಖ ಹೋಲಿಸುವಾಗ ಪೇಟ ಮರೆತುಬಿಡು, ಕಿವಿ ನೋಡು: ಹಾಲೆ ಕೆನ್ನೆಗೆ ಅಂಟಿದೆಯೋ, ಬಿಡಿಯಾಗಿದೆಯೋ, ಒಳಮಡಿಕೆ ಹೇಗೆ ತಿರುಗಿದೆ. ಮುದ್ದೇನಹಳ್ಳಿಯ ಸ್ಮಾರಕದಲ್ಲಿ ಅವರ ಫೋಟೊಗಳಿವೆ. ಅದೇ ವಯಸ್ಸಿನ, ಅದೇ ಕೋನದ್ದನ್ನೇ ಆರಿಸು. ಮನೆಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೇಳು, ಹೆಸರನ್ನು ನೀನೇ ಬಾಯಿಗೆ ಕೊಡಬೇಡ.

ಇಷ್ಟೆಲ್ಲ ಹೇಳುವ ನನಗೂ ಚಿತ್ರ ಕಂಡ ತಕ್ಷಣ ‘ಅವರೇ ಆಗಿರಲಿ’ ಅನ್ನಿಸಿತು ಕಣೋ. ಆ ಆಸೆ ಬಂದ ಮೇಲೆ ಕಿವಿಯೂ ಅವರದ್ದರ ಹಾಗೇ ಕಾಣತೊಡಗಿತು. ನನ್ನನ್ನು ಕಾಡುತ್ತಿರುವುದು ಇನ್ನೊಂದು. ಇವರು ಯಾರೋ ಶಾನುಭೋಗರು ಅಂತ ಗೊತ್ತಾದರೆ ಮತ್ತೆ ಅಟ್ಟ ಹತ್ತಿಸುತ್ತೇವಾ? ಅಷ್ಟು ಹೊತ್ತು ಅಲುಗಾಡದೆ ಕೂತ ಮನುಷ್ಯ. ಅವರ ಹೆಸರನ್ನು ಅಳಿಸಿ ದೊಡ್ಡವರ ಹೆಸರು ಬರೆಯುವವರಲ್ಲಿ ನಾನೂ ಒಬ್ಬನಾಗಿಬಿಡುತ್ತಿದ್ದೆನಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ.

ಸರಿ ಬಿಡು. ಭಾನುವಾರ ಬರ್ತೀನಿ. ಭೂತಗನ್ನಡಿ ನಂದು, ಹಿತಕಿದ ಅವರೆಬೇಳೆ ಸಾರು ನಿಂದು.

ನಿನ್ನವನು