ಅಪ್ಪಾಜಿನ ನೀರಿಗೆ ಇಳಿಸಬೇಡವ್ವ

ಮಿನಿಯಾಪೊಲಿಸ್, ಅಮೆರಿಕ
ಜನವರಿ 18

ಅವ್ವನಿಗೆ ನಮಸ್ಕಾರಗಳು.

ನಾನು ಕ್ಷೇಮ. ನೀವೂ ಕ್ಷೇಮ ಅಂತ ಬರೆಯೋಣ ಅಂದ್ರೆ ಅಪ್ಪಾಜಿ ಕಾಲಿನ ಗಾಯದ ವಿಷಯ ಬರೆದ ಮಂಜನ ಕಾಗದ ಎದುರಿಗೇ ಇದೆ.

ಮೊದಲು ನಿನ್ನ ಗಾಬರಿಗೆ ಉತ್ತರ. ನಾನು ಕಳಿಸಿದ ಫೋಟೋದಲ್ಲಿ ನಾನು ನಿಂತಿರೋದು ಕೆರೆ ಮೇಲೇ, ಹೌದು. ಆದರೆ ಅದು ಗಟ್ಟಿ ಮಂಜುಗಡ್ಡೆ. ಮಿಲ್ ಲ್ಯಾಕ್ಸ್ ಅಂತ ಕೆರೆ, 1,32,000 ಎಕರೆ. ನಮ್ಮ ಸೂಳೆಕೆರೆನ ತಂದು ಅದರ ಮೂಲೆಗೆ ಇಟ್ಟರೆ ಹುಡುಕಬೇಕಾಗುತ್ತೆ. (ಇದನ್ನ ಗೌರಕ್ಕನ ಮುಂದೆ ಓದಬೇಡ, ಸೂಳೆಕೆರೆ ಏಷ್ಯಾಕ್ಕೇ ಎರಡನೇ ದೊಡ್ಡ ಕೆರೆ ಅಂತ ಜಗಳಕ್ಕೆ ಬರ್ತಾಳೆ.) ಮನುಷ್ಯ ನಡೆಯೋಕೆ 4 ಇಂಚು ಗಡ್ಡೆ ಇದ್ದರೆ ಸಾಕು, ಸಣ್ಣ ಕಾರಿಗೆ 9–10 ಇಂಚು ಅಂತ ಇಲ್ಲಿ ಸರ್ಕಾರದವರೇ ಹೇಳ್ತಾರೆ. ನಾವು ಹೋದ ದಿನ 16 ಇಂಚು ಇತ್ತು, ನಾನೇ ಟೇಪು ಹಿಡಿದು ನೋಡಿದೆ. ಜನ ಅದರ ಮೇಲೆ ಗಾಲಿ ಮನೇನೇ ಎಳ್ಕೊಂಡು ಬರ್ತಾರೆ. ಒಳಗೆ ಹೀಟರು, ಮಂಚ, ಟಿವಿ, ನೆಲದಲ್ಲಿ ಒಂದು ತೂತು, ತೂತಿಗೆ ಗಾಳ. ಒಬ್ಬರಿಗೆ ಎರಡೇ ಗಾಳ. ಲೈಸೆನ್ಸ್ ಮಾಡಿಸಿಕೊಂಡೇ ಹೋಗಿದ್ದೆ, ಕದ್ದು ಹಿಡಿದಿದ್ದಲ್ಲ.

ಇವರಿಗೆ ವಾಲೈ ಅನ್ನೋ ಮೀನಿನ ಹುಚ್ಚು. ಕತ್ತಲಲ್ಲಿ ಬೆಕ್ಕಿನ ಹಾಗೆ ಅದರ ಕಣ್ಣು ಹೊಳೆಯುತ್ತೆ, ಸಂಜೆಗೆ ಆಳದಿಂದ ಕಲ್ಲುದಿಬ್ಬದ ಅಂಚಿಗೆ ಮೇಯೋಕೆ ಬರುತ್ತೆ. ದಿಬ್ಬ ಎಲ್ಲಿದೆ ಅಂತ ಫೋನಿನ ನಕ್ಷೆ ನೋಡಿ ತೂತು ಕೊರೀತಾರೆ. ಅಪ್ಪಾಜಿಗೆ ಯಾವ ನಕ್ಷೆ? ಜೊಂಡಿನ ನಡುವೆ ಗುಳುಕ್ ಅಂತ ಮೂತಿ ಎತ್ತಿ ಗಾಳಿ ಕುಡಿದರೆ ಕೊರವ, ಹಳ್ಳ ಕೆರೆ ಸೇರೋ ಕಡೆ ತಳದ ಕೆಸರು ಕದಡಿದರೆ ಗೆಂಡೆ. ಇದನ್ನ ನನ್ನ ಜೊತೆಯವರಿಗೆ ಹೇಳಿದೆ, ಬಾಯಿ ಬಿಟ್ಕೊಂಡು ಕೇಳಿದರು. ನನಗೆ ಸಿಕ್ಕಿದ್ದು ಅಂಗೈಯಗಲದ ಒಂದು ಪರ್ಚ್ ಮೀನು. ಅದನ್ನ ಹೇಳಬೇಡ ಅಪ್ಪಾಜಿಗೆ.

ಈಗ ಆ ಜೊಂಡಿನ ಜಾಗಾನೇ ನನ್ನ ನಿದ್ದೆ ಕೆಡಿಸಿದೆ. ಅಪ್ಪಾಜಿ ಕಾಲಿನ ಹೆಬ್ಬೆರಳ ಬುಡದ ಗಾಯ ಮೂರು ವಾರವಾದರೂ ಮಾಯ್ದಿಲ್ಲ, ಆದರೂ ಬರಿಗಾಲಲ್ಲಿ ಮೊಣಕಾಲುದ್ದ ನೀರಿಗೆ ಇಳೀತಾರೆ ಅಂತ ಮಂಜ ಬರೆದಿದ್ದಾನೆ. ಅಲ್ಲಿ ಒಡೆದ ಚಿಪ್ಪು, ಕಿತ್ತುಹೋದ ಗಾಳದ ಮುಳ್ಳು, ಭಾನುವಾರದ ಪುಂಡರು ಒಡೆದ ಬಾಟ್ಲಿ, ಏನಿಲ್ಲ ಹೇಳು? "ನೋವೇ ಇಲ್ಲ, ಇನ್ನೇನು" ಅಂದರಂತೆ. ನೋವಿಲ್ಲ ಅನ್ನೋದಕ್ಕೇ ಅವ್ವ ನನಗೆ ಭಯ. ಸಕ್ಕರೆ ಕಾಯಿಲೆ ಕಾಲಿನ ನರ ಹಿಡಿದರೆ ಮುಳ್ಳು ಚುಚ್ಚಿದ್ದೂ ತಿಳಿಯಲ್ಲ, ಗಾಯ ಒಳಗೊಳಗೇ ಕೊಳೆಯುತ್ತೆ. ಆವತ್ತು ಗಡ್ಡೆ ಮೇಲೆ ನನ್ನ ಎರಡು ಬೆರಳು ಮರಗಟ್ಟಿದವು. (ಏನೂ ಆಗಿಲ್ಲ, ಹತ್ತು ನಿಮಿಷಕ್ಕೆ ಸರಿಹೋಯ್ತು, ಎರಡು ಜೊತೆ ಉಣ್ಣೆ ಕಾಲುಚೀಲ ತಗೊಂಡಿದ್ದೀನಿ, ಬೂಟು ಹೊಸದು, ನೀನು ಚಿಂತೆ ಮಾಡಬೇಡ.) ಹತ್ತು ನಿಮಿಷಕ್ಕೇ ನಾನು ಹೆದರಿ ಹೀಟರಿನ ಹತ್ತಿರ ಓಡಿದೆ. ಅವರದ್ದು ಎಷ್ಟು ತಿಂಗಳಿಂದ ಮರಗಟ್ಟಿದೆಯೋ, ಓಡೋದಿರಲಿ, ಬಾಯೇ ಬಿಟ್ಟಿಲ್ಲ.

ಸೋಮವಾರ ಮಂಜ ಅಂಗಡಿ ಮುಚ್ಚಲಿ, ಅಪ್ಪಾಜಿನ ದಾವಣಗೆರೆ ಆಸ್ಪತ್ರೆಗೆ ಕರ್ಕೊಂಡು ಹೋಗಲಿ. ಸುಣ್ಣ, ಸೊಪ್ಪಿನ ರಸ ಯಾವುದೂ ಹಚ್ಚಬೇಡ. ಬಿಸಿನೀರಲ್ಲಿ ಕಾಲು ಇಡಿಸಬೇಡ, ಸುಟ್ಟರೂ ಗೊತ್ತಾಗಲ್ಲ ಅವರಿಗೆ. ರಾತ್ರಿ ಬ್ಯಾಟರಿ ಹಾಕಿ ಬೆರಳ ಸಂದಿ ನೋಡು. ಬೈದರೆ ಬೈಯಿಸಿಕೋ. ಗಾಯ ಮಾಯೋ ತನಕ ಕೆರೆ ಕಡೆ ಬೇಡವೇ ಬೇಡ. ಆಮೇಲೆ ಬೇಕಾದರೆ ಬೂಟು ಹಾಕ್ಕೊಂಡು ಏರಿ ಮೇಲೆ ಕೂತು ಗಾಳ ಹಾಕಲಿ. ನಾನು ಬರೆದೆ ಅನ್ನಬೇಡ, ಡಾಕ್ಟರು ಹೇಳಿದರು ಅನ್ನು. ನನ್ನ ಮಾತು ಯಾವತ್ತು ಕೇಳಿದ್ದಾರೆ.

25,000 ಮಂಜನ ಖಾತೆಗೆ ಹಾಕಿದ್ದೀನಿ. ಅದು ಆಸ್ಪತ್ರೆಗೆ, ಬೂಟಿಗೆ ಅಷ್ಟೇ. ಅಡಿಕೆ ಸಸಿಗೆ ಕೊಟ್ಟುಬಿಡಬೇಡ. ಕಡಿಮೆ ಬಿದ್ದರೆ ತಿಳಿಸು, ನನಗೆ ಇಲ್ಲಿ ಏನೂ ಕಷ್ಟವಿಲ್ಲ, ಖಂಡಿತ ಇಲ್ಲ.

ಗೌರಕ್ಕ ಹೇಳಿದ ಸಂಬಂಧದ ವಿಷಯ ಮುಂದಿನ ಕಾಗದದಲ್ಲಿ. ಅಂಚೆ ತೆಗೆಯೋನು ಬರೋ ಹೊತ್ತಾಯ್ತು. ಸೋಮವಾರ ಮರೀಬೇಡ.

ನಿನ್ನ,
ರವಿ