ರೋಮ್ ಮೊದಲು, ಕಪ್ ಆಮೇಲೆ

ಎಡಿನ್‌ಬರಾ, ಜನವರಿ 2026

ಚಿ. ಪುಟ್ಟನಿಗೆ ಮಾವನ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ, ಚಳಿ ಒಂದು ಬಿಟ್ರೆ.

ನಿನ್ನೆ ರಾತ್ರಿ ಫ್ಯಾಮಿಲಿ ಗ್ರೂಪಲ್ಲಿ ನೀಲಿ ಜೆರ್ಸಿ ಹಾಕ್ಕೊಂಡಿರೋ ಫೋಟೋ ಕಳಿಸಿ ಕೆಳಗೆ "ಈ ಸಲ ಕಪ್ ನಮ್ದೇ" ಅಂತ ಬರೆದಿದ್ದೀಯಲ್ಲ, ಅದನ್ನ ನೋಡಿ ಅಜ್ಜಿ ಫೋನ್ ಮಾಡಿ ಆರ್‌ಸಿಬಿ ಮತ್ತೆ ಶುರುವಾಯ್ತೇನೋ ಅಂತ ಕೇಳಿದ್ರು. ಇಲ್ಲಮ್ಮ, ಇದು ಸ್ಕಾಟ್ಲೆಂಡಿನ ರಗ್ಬಿ ಟೀಮು, ಸಿಕ್ಸ್ ನೇಷನ್ಸ್ ಅಂತ ಆರು ದೇಶಗಳ ಟೂರ್ನಿ, ಚೆಂಡು ಉದ್ದ, ಆಟ ಬೇರೆ, ಕಾಯಿಲೆ ಮಾತ್ರ ಅದೇ ಅಂದೆ.

ತಪ್ಪು ನಂದೇ ಬಿಡು. ಸೆಪ್ಟೆಂಬರಲ್ಲಿ ಗ್ಲಾಸ್ಗೋಗೆ ಓದೋಕೆ ಅಂತ ಬಂದ ಹುಡುಗನ್ನ ನವೆಂಬರಲ್ಲಿ ಇಲ್ಲಿನ ರಗ್ಬಿ ಸ್ಟೇಡಿಯಂ ಮರ್ರೆಫೀಲ್ಡಿಗೆ ಕರ್ಕೊಂಡು ಹೋದವನು ನಾನೇ ತಾನೆ. ಅದೂ ನ್ಯೂಜಿಲೆಂಡ್ ಮ್ಯಾಚಿಗೆ. ಹಾಫ್ ಟೈಮಿಗೆ 17-0 ಹಿಂದೆ ಇದ್ದು, ಆಮೇಲೆ 17-17 ಮಾಡ್ದಾಗ ನೀನು ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕನ್ನ ತಬ್ಕೊಂಡೆ ನೋಡು, ಆಗಲೇ ನಂಗೆ ಗೊತ್ತಾಯ್ತು ಇವನು ಕೈ ಬಿಟ್ಟು ಹೋದ ಅಂತ. ಕೊನೆಗೆ 25-17ಕ್ಕೆ ಸೋತ್ರು. ನೂರು ವರ್ಷಕ್ಕಿಂತ ಜಾಸ್ತಿ ಆಯ್ತು ಕಣೋ, ನ್ಯೂಜಿಲೆಂಡನ್ನ ಸ್ಕಾಟ್ಲೆಂಡ್ ಒಂದು ಸಲಾನೂ ಸೋಲಿಸಿಲ್ಲ. ಮುಂದಿನ ವಾರ ಅರ್ಜೆಂಟೀನಾ ವಿರುದ್ಧ 21-0 ಮುಂದಿದ್ದು 33-24ಕ್ಕೆ ಸೋತ್ರಲ್ಲ, ಅವತ್ತು ಸ್ವಂತ ಜನಾನೇ ಸ್ವಂತ ಟೀಮಿಗೆ ಬೂ ಅಂದ್ರು, ನೀನೂ ಸೇರ್ಕೊಂಡೆ. ನಾನು ಏನೂ ಹೇಳ್ಲಿಲ್ಲ. ಈಗ ಹೇಳ್ತೀನಿ, ಬೇಜಾರು ಮಾಡ್ಕೋಬೇಡ.

ಎಂಟು ದಿನದಲ್ಲಿ ತಬ್ಕೊಳ್ಳೋದು, ಬೂ ಅನ್ನೋದು, ಎರಡೇ ತಿಂಗಳಿಗೆ ಮತ್ತೆ ಕಪ್ ನಮ್ದೇ ಅನ್ನೋದು, ಈ ಸ್ಪೀಡಲ್ಲಿ ಹೋದ್ರೆ ಈ ಟೀಮ್ ಜೊತೆ ಎರಡು ವರ್ಷ ಬಾಳೋಕಾಗಲ್ಲ. ನಾನು ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ. ಇವರು ಈ ಟೂರ್ನೀಲಿ ಕೊನೇ ಸಲ ಚಾಂಪಿಯನ್ ಆಗಿದ್ದು 1999ರಲ್ಲಿ, ಆಗ ಇನ್ನೂ ಐದೇ ದೇಶ. 2000ದಲ್ಲಿ ಇಟಲಿ ಸೇರಿ ಸಿಕ್ಸ್ ನೇಷನ್ಸ್ ಆದ್ಮೇಲೆ ಇಲ್ಲೀವರೆಗೆ ಮೂರನೇ ಸ್ಥಾನದಿಂದ ಮೇಲೆ ಹೋಗೇ ಇಲ್ಲ. ಆ 1999ರಲ್ಲಿ ನಾಲ್ಕೂ ಮ್ಯಾಚಲ್ಲಿ ಟ್ರೈ (ಚೆಂಡನ್ನ ಎದುರಾಳಿ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸೋದು) ಹೊಡೆದ ಗ್ರೆಗರ್ ಟೌನ್ಸೆಂಡ್‌ನೇ ಈಗಿನ ಕೋಚು, 2017ರಿಂದ ಅವನೇ. ತಾನು ಆಡಿ ಗೆದ್ದಿದ್ದನ್ನ ಹುಡುಗರ ಕೈಲಿ ಗೆಲ್ಲಿಸೋಕೆ ಒದ್ದಾಡ್ತಿದ್ದಾನೆ, ಅವನಿಗೆ ಎಷ್ಟು ಸಂಕಟ ಇರಬೇಡ.

ಹಾಗಂತ ಆಟ ಬರದೇ ಇರೋರಲ್ಲ ಇವರು. ಫಿನ್ ರಸೆಲ್ ಇದ್ದಾನಲ್ಲ, ಮೊದಲು ಕಲ್ಲು ಕೆತ್ತೋ ಕೆಲಸ ಕಲೀತಿದ್ದವನು, ಅವನ ಪಾಸ್ ನೋಡೋಕೇ ದುಡ್ಡು ಕೊಟ್ಟು ಹೋಗಬಹುದು. ಆದ್ರೆ ಹೋದ ವರ್ಷ ಲಂಡನ್ನಲ್ಲಿ ಇಂಗ್ಲೆಂಡ್ ವಿರುದ್ಧ ಏನಾಯ್ತು ಕೇಳು. ಸ್ಕಾಟ್ಲೆಂಡ್ ಮೂರು ಟ್ರೈ ಹೊಡೀತು, ಟ್ರೈ ಆದ್ಮೇಲೆ ಕಂಬಗಳ ನಡುವೆ ಒದೆಯೋ ಕಿಕ್ಕು, ಅದೇ ಕನ್ವರ್ಷನ್ನು, ಮೂರೂ ತಪ್ಪಿಹೋಯ್ತು, ಕೊನೇದು ಇನ್ನೇನು ಟೈಮ್ ಮುಗೀತಿರುವಾಗ. 16-15ಕ್ಕೆ ಸೋತ್ರು. ಒಂದೇ ಪಾಯಿಂಟು. ಅವತ್ತು ನಿಮ್ಮತ್ತೆ ಟಿವಿ ಆಫ್ ಮಾಡಿ, ಅನ್ನ ಆರಿ ಹೋಗ್ತಿದೆ ಬನ್ನಿ ಅಂದ್ಲು, ನಾನು ಮೊಸರನ್ನಕ್ಕೆ ಉಪ್ಪೇ ಹಾಕ್ಕೊಳ್ದೆ ತಿಂದೆ.

ಆ ಮ್ಯಾಚಿಗೆ ಸಿಗೋ ಕಪ್ಪಿನ ಕಥೆ ನಿಂಗೆ ಹೇಳಿದ್ನಾ? ಕಲ್ಕತ್ತಾ ಕಪ್ ಅಂತಾರೆ. ಕಲ್ಕತ್ತಾದಲ್ಲಿ ಬ್ರಿಟಿಷರ ಒಂದು ರಗ್ಬಿ ಕ್ಲಬ್ ಇತ್ತು, ಅಲ್ಲಿನ ಸೆಕೆಗೆ ರಗ್ಬಿ ಎಲ್ಲಿ ನಡೆಯುತ್ತೆ, ಜನ ಪೋಲೋ ಟೆನ್ನಿಸ್ ಕಡೆ ಹೋಗಿ ಕ್ಲಬ್ ಮುಚ್ಚಿತು. ಆಗ ಬ್ಯಾಂಕಲ್ಲಿದ್ದ ದುಡ್ಡನ್ನ ಬೆಳ್ಳಿ ರೂಪಾಯಿ ಆಗಿ ತೆಗೆದು ಕರಗಿಸಿ ಕಪ್ ಮಾಡ್ಸಿದ್ರು, ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡು ಸ್ಕಾಟ್ಲೆಂಡು ಅದಕ್ಕೆ ಹೊಡೆದಾಡ್ತಿದ್ದಾವೆ. ನಮ್ಮ ರೂಪಾಯಿ ಕಣೋ ಅದು. ನಿಂಗ್ಯಾಕೆ ಅವರ ಆಟ ಅಂತ ಯಾರಾದ್ರೂ ಕೇಳಿದ್ರೆ ಇದನ್ನ ಹೇಳು.

ಈಗ ವಿಷಯಕ್ಕೆ ಬರ್ತೀನಿ. ಮಾರ್ಚ್ 14ಕ್ಕೆ ಐರ್ಲೆಂಡ್ ವಿರುದ್ಧ ಡಬ್ಲಿನ್ನಲ್ಲಿ ನಡೆಯೋ ಕೊನೇ ಮ್ಯಾಚಿಗೆ ಕ್ರೆಡಿಟ್ ಕಾರ್ಡಲ್ಲಿ ಟಿಕೆಟ್ ತಗೋತೀನಿ, ಅಲ್ಲೇ ಐದೂ ಮ್ಯಾಚ್ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಆಗುತ್ತೆ ಅಂದ್ಯಲ್ಲ. ಮೊದಲನೇದಾಗಿ ನಿಂಗೆ ಅಲ್ಲಿಗೆ ಬೇರೆ ವೀಸಾ ಬೇಕು ಮಾರಾಯ, ನೋಡಿದ್ಯಾ? ಇನ್ನೊಂದು, ಐರ್ಲೆಂಡನ್ನ ಇವರು ಕೊನೇ ಸಲ ಸೋಲಿಸಿದ್ದು 2017ರಲ್ಲಿ, ಡಬ್ಲಿನ್ನಲ್ಲಿ ಗೆದ್ದಿದ್ದು 2010ರಲ್ಲಿ. ಮುಂದಿನ ವರ್ಷದ ವರ್ಲ್ಡ್ ಕಪ್ಪಲ್ಲೂ ಅದೇ ಐರ್ಲೆಂಡ್ ಜೊತೆ ಒಂದೇ ಪೂಲಿಗೆ ಹಾಕಿದ್ದಾರೆ, ಸತತ ಮೂರನೇ ಸಲ, ಈ ಚೀಟಿ ಎತ್ತೋರಿಗೆ ನಮ್ಮ ಮೇಲೆ ಏನು ದ್ವೇಷಾನೋ. ಕೊನೇ ಮ್ಯಾಚಿನ ಕನಸು ಕಾಣ್ತಾ ಕೂತ್ರೆ ಮೊದಲನೇದು ಕಾಲ ಕೆಳಗೇ ಜಾರುತ್ತೆ. ಮೊದಲನೇದು ಫೆಬ್ರವರಿ 7ಕ್ಕೆ, ರೋಮಲ್ಲಿ. ಇಟಲಿ ಅಂತ ಸಸಾರ ಮಾಡ್ಬೇಡ, 2024ರಲ್ಲಿ ಅದೇ ಊರಲ್ಲಿ 31-29ಕ್ಕೆ ನಮ್ಮನ್ನ ಮಲಗಿಸಿದ್ರು, ಹೋದ ನವೆಂಬರಲ್ಲಿ ಆಸ್ಟ್ರೇಲಿಯಾನೇ ಸೋಲಿಸಿದ್ದಾರೆ. ನಂಗೆ ಈ ಸಲ ನಿಜವಾದ ಭಯ ಇರೋದು ಅಲ್ಲೇ, ಇಂಗ್ಲೆಂಡ್ ಮೇಲಲ್ಲ. ಇಂಗ್ಲೆಂಡ್ ಅಂದ್ರೆ ಇವರಿಗೆ ಮೈಮೇಲೆ ದೇವರು ಬರುತ್ತೆ, 2021ರಿಂದ 24ರವರೆಗೆ ನಾಲ್ಕು ವರ್ಷ ಬಿಡದೆ ಗೆದ್ದಿದ್ದಾರೆ. ದೇವರು ಬರದೇ ಇರೋ ದಿನಾನೇ ಕಷ್ಟ.

ಅದಕ್ಕೇ ನಾನೇನು ಮಾಡ್ತೀನಿ ಅಂದ್ರೆ, ಒಂದು ಮ್ಯಾಚ್ ಮುಗಿಯೋವರೆಗೆ ಮುಂದಿನ ಮ್ಯಾಚಿನ ಹೆಸರೇ ಎತ್ತಲ್ಲ. ಮತ್ತೆ ಸ್ಕೋರ್ ಮಾತ್ರ ನೋಡ್ಬೇಡ, ಅರವತ್ತನೇ ನಿಮಿಷ ಆದ್ಮೇಲೆ ಬೆಂಚಿಂದ ಬಂದೋರು ಸ್ಕ್ರಮಲ್ಲಿ, ಅಂದ್ರೆ ಎರಡೂ ಕಡೆಯವರು ಗುಂಪಾಗಿ ಬಗ್ಗಿ ತಳ್ಳಾಡೋ ಜಾಗದಲ್ಲಿ, ನಿಲ್ತಾರಾ ಅಂತ ನೋಡು, ಅರ್ಜೆಂಟೀನಾ ಮ್ಯಾಚ್ ಕೈತಪ್ಪಿದ್ದೂ ಕೊನೇ ಭಾಗದಲ್ಲೇ. ಸೋತ ರಾತ್ರಿ ಫೋನ್ ಎತ್ತಿ ಯಾವ ಆಟಗಾರನ ಪೇಜಲ್ಲೂ ಹೋಗಿ ಬಯ್ಯಬೇಡ. ನಿಮ್ಮಪ್ಪನ್ನ ಯಾರಾದ್ರೂ ಆಫೀಸಿನ ತಪ್ಪಿಗೆ ಬೀದೀಲಿ ಬೈದ್ರೆ ಸುಮ್ನಿರ್ತೀಯಾ.

ಗೆದ್ದಾಗಲೂ ಒಂದು ಮಾತು. ಹದಿನೆಂಟು ಸೀಸನ್ ಕಾದ್ಮೇಲೆ ಆರ್‌ಸಿಬಿ ಗೆದ್ದ ಮಾರನೇ ದಿನ, ಜೂನ್ 4ಕ್ಕೆ, ನೀನು ಚಿನ್ನಸ್ವಾಮಿ ಹತ್ರ ಇದ್ದೆ. ನೂಕುನುಗ್ಗಲಲ್ಲಿ ಹನ್ನೊಂದು ಜನ ಹೋದ್ರು. ನಿನ್ನ ಫೋನ್ ಸಿಗ್ತಿರ್ಲಿಲ್ಲ, ಅಕ್ಕ ನಂಗೆ ನಾಲ್ಕು ಸಲ ಕಾಲ್ ಮಾಡಿದ್ಲು, ಐದು ಸಾವಿರ ಮೈಲಿ ದೂರದಲ್ಲಿ ಕೂತು ನಾನೇನು ಮಾಡ್ಲಿ. ಇದನ್ನ ನಾವಿಬ್ರೂ ಯಾವತ್ತೂ ಮಾತಾಡಿಲ್ಲ. ಎಲ್ಲೇ ಹೋಗು, ಎಲ್ಲಿದ್ದೀಯ ಅಂತ ಒಂದು ಮೆಸೇಜ್ ಹಾಕು, ಅಷ್ಟೇ.

ನನ್ನಾಸೆ ಏನಪ್ಪ ಅಂತ ಕೇಳಿದ್ರೆ... ಬೇಡ, ರೋಮ್ ಮುಗೀಲಿ. ಅವತ್ತು ಶನಿವಾರ, ಮಧ್ಯಾಹ್ನದ ಮ್ಯಾಚು, ಬೆಳಗ್ಗೆ ಟ್ರೈನ್ ಹಿಡಿದು ಹೇಮಾರ್ಕೆಟ್‌ನಲ್ಲಿ ಇಳಿ, ಕರ್ಕೊಂಡು ಬರ್ತೀನಿ. ಅತ್ತೆ ಬಿಸಿಬೇಳೆಬಾತ್ ಮಾಡ್ತಾಳಂತೆ. ಗ್ಲಾಸ್ಗೋದಿಂದ ಬರ್ತಾ ಕರಿಬೇವು ತಗೊಂಡು ಬಾ, ಇಲ್ಲಿನ ಅಂಗಡೀಲಿ ಒಣಗಿದ್ದೇ ಸಿಗ್ತಿದೆ.

ನಿನ್ನ ಮಾವ