ಮೌಲ್ಯ ಶಿಕ್ಷಣದ ತರಗತಿ ಮತ್ತು ಮನೆಯ ಲೆಕ್ಕ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಮುಂದಿನ ಅವಧಿಯಿಂದ ಒಂಬತ್ತು ಮತ್ತು ಹತ್ತನೆಯ ತರಗತಿಗಳ ಮೌಲ್ಯ ಶಿಕ್ಷಣದ ಪಾಠಕ್ರಮ ಬದಲಾಗುತ್ತಿದೆ. ಈವರೆಗೆ ಆ ತರಗತಿಯಲ್ಲಿ ಪ್ರಾರ್ಥನೆ, ಸತ್ಯವೇದದ ಸಾಮ್ಯಗಳು (ಯೇಸು ಹೇಳಿದ ದೃಷ್ಟಾಂತ ಕಥೆಗಳು), ಕಂಠಪಾಠದ ವಚನಗಳು, ವರ್ಷದ ಕೊನೆಗೊಂದು ಪರೀಕ್ಷೆ ಇರುತ್ತಿದ್ದವು. ಇನ್ನು ಮುಂದೆ ಮಕ್ಕಳು ಒಂದು ಇಡೀ ಅವಧಿಯುದ್ದಕ್ಕೂ ಕ್ರೈಸ್ತ ನಂಬಿಕೆಯ ಬೆಳಕಿನಲ್ಲಿ ಮೂರು ವಿಷಯಗಳನ್ನು ಓದಿ ಚರ್ಚಿಸುತ್ತಾರೆ: ಸ್ವಂತ ನಡತೆ, ಹಣ, ಮತ್ತು ಕೆಲಸದ ಸ್ಥಳದಲ್ಲಿ ಇನ್ನೊಬ್ಬರ ಮೇಲೆ ನಮಗಿರುವ ಅಧಿಕಾರ. ಇದರಲ್ಲಿ ಅರ್ಧ ಪಾಠ ಮನೆಯಲ್ಲಿ ನಡೆಯಬೇಕಾದದ್ದು. ಮಕ್ಕಳು ಒಂದು ಪ್ರಶ್ನೆಪಟ್ಟಿ ಹಿಡಿದುಕೊಂಡು ನಿಮ್ಮೆದುರು ಕೂರಲಿದ್ದಾರೆ. ಕೆಲವು ಪ್ರಶ್ನೆಗಳು ಮುಜುಗರ ತರಬಹುದು. ಅದಕ್ಕೇ ಮುಂಚಿತವಾಗಿ ಈ ಪತ್ರ.

ಬದಲಾವಣೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ನಮ್ಮ ಮಕ್ಕಳಿಗೆ ವಚನಗಳು ಚೆನ್ನಾಗಿ ಬರುತ್ತವೆ. ಯಜಮಾನ ನಂಬಿ ಒಪ್ಪಿಸಿದ ಹಣಕ್ಕೆ ಆಳುಗಳು ಲೆಕ್ಕ ಕೊಡುವ ತಲಾಂತುಗಳ ಸಾಮ್ಯವನ್ನು ತಪ್ಪಿಲ್ಲದೆ ಒಪ್ಪಿಸಿ ಪೂರ್ಣ ಅಂಕ ಪಡೆದ ಹುಡುಗ, ಮುಂದಿನ ತರಗತಿಯಲ್ಲೇ ಪಕ್ಕದವನ ಗಣಿತದ ಪುಸ್ತಕ ನೋಡಿ ಬರೆಯುತ್ತಾನೆ. ಅವನಿಗೆ ಅದರಲ್ಲಿ ವಿರೋಧವೇನೂ ಕಾಣುವುದಿಲ್ಲ, ಏಕೆಂದರೆ ನಂಬಿಕೆಯನ್ನು ನಾವು ಅವನಿಗೆ ಒಂದು ವಿಷಯವೆಂದು ಕಲಿಸಿದ್ದೇವೆ. ಗಂಟೆ ಹೊಡೆದೊಡನೆ ಅದು ಮುಗಿಯುತ್ತದೆ. ಸತ್ಯವೇದ ಹಾಗೆ ವಿಷಯಗಳನ್ನು ವಿಂಗಡಿಸುವುದಿಲ್ಲ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಯಾಜಕಕಾಂಡದ 19ನೆಯ ಅಧ್ಯಾಯದ 18ನೆಯ ವಚನದಲ್ಲಿದೆ. ಅದೇ ಅಧ್ಯಾಯದ 13ನೆಯ ವಚನ ಕೂಲಿಯಾಳಿನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎನ್ನುತ್ತದೆ. 35 ಮತ್ತು 36ನೆಯ ವಚನಗಳು ತಕ್ಕಡಿ, ತೂಕದ ಕಲ್ಲು, ಅಳತೆ ಸರಿಯಾಗಿರಬೇಕು ಎನ್ನುತ್ತವೆ. ಪ್ರೀತಿ, ಸಂಬಳ, ತೂಕ ಮೂರೂ ಒಂದೇ ಅಧ್ಯಾಯದಲ್ಲಿವೆ. ನಮ್ಮ ಮಕ್ಕಳಿಗೆ ಬಾಯಿಪಾಠ ಬರುವುದು 18ನೆಯ ವಚನ ಮಾತ್ರ.

ನಡತೆಯ ಪಾಠ ಚಿಕ್ಕದು. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂದು ಯೇಸು ಹೇಳಿದ್ದನ್ನು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕ್ವೇಕರರೆಂಬ ಕ್ರೈಸ್ತ ಪಂಗಡದವರು ಅಕ್ಷರಶಃ ತೆಗೆದುಕೊಂಡರು. ನ್ಯಾಯಾಲಯದಲ್ಲಿ ಆಣೆ ಇಟ್ಟಾಗ ಮಾತ್ರ ಸತ್ಯ ಹೇಳುತ್ತೇವೆ ಎಂದರೆ ಉಳಿದ ಹೊತ್ತಿನಲ್ಲಿ ಏನು ಹೇಳುತ್ತೇವೆ ಎಂದು ಕೇಳಿ, ಆಣೆ ಇಡಲು ಒಪ್ಪದೆ ಸೆರೆಮನೆಗೆ ಹೋದರು. ಅಂಗಡಿ ಇಟ್ಟ ಕ್ವೇಕರರು ಚೌಕಾಸಿಯನ್ನೂ ಬಿಟ್ಟರು. ಮನಸ್ಸಿನಲ್ಲಿ ಒಂದು ಬೆಲೆ ಇಟ್ಟುಕೊಂಡು ಬಾಯಲ್ಲಿ ಇನ್ನೊಂದನ್ನು ಹೇಳುವುದು ಅವರ ಪಾಲಿಗೆ ಸುಳ್ಳೇ ಆಗಿತ್ತು. ಮೊದಮೊದಲು ಗಿರಾಕಿಗಳು ದೂರ ಸರಿದರು. ಮಗುವನ್ನು ಕಳುಹಿಸಿದರೂ ಅದೇ ಬೆಲೆಗೆ ಅದೇ ಸಾಮಾನು ಸಿಗುತ್ತದೆ ಎಂದು ಗೊತ್ತಾದ ಮೇಲೆ ತಿರುಗಿ ಬಂದರು ಎಂದು ಅವರ ನಾಯಕ ಜಾರ್ಜ್ ಫಾಕ್ಸ್ ಬರೆದಿಟ್ಟಿದ್ದಾನೆ. ಈ ಕಥೆಯನ್ನು ಹೇಳುವಾಗ ಒಂದು ಎಚ್ಚರಿಕೆ ವಹಿಸುವಂತೆ ಶಿಕ್ಷಕರಿಗೆ ಸೂಚಿಸಿದ್ದೇನೆ. ಪ್ರಾಮಾಣಿಕತೆಯಿಂದ ಕೊನೆಗೆ ಲಾಭವಾಗಿಯೇ ಆಗುತ್ತದೆ ಎಂದು ಮಕ್ಕಳಿಗೆ ಮಾತು ಕೊಡಬಾರದು. ಎಷ್ಟೋ ಸಲ ಆಗುವುದಿಲ್ಲ. ಲಾಭಕ್ಕಾಗಿ ನಿಜ ಹೇಳಲು ಕಲಿತ ಮಗು, ನಷ್ಟ ಎದುರಾದ ದಿನ ಅದನ್ನು ಬಿಟ್ಟುಬಿಡುತ್ತದೆ.

ಇದೇ ಸಂದರ್ಭದಲ್ಲಿ ರಜಾ ಪತ್ರಗಳ ಬಗ್ಗೆ ಒಂದು ಮಾತು. ಸಾಲು ರಜೆಗಳ ಹಿಂದುಮುಂದಿನ ದಿನಗಳಲ್ಲೇ ಮಕ್ಕಳಿಗೆ ಜ್ವರ ಹೆಚ್ಚು ಬರುವುದನ್ನು ಈ ಕಚೇರಿ ಗಮನಿಸಿದೆ. ಪ್ರವಾಸಕ್ಕೆ ಹೋಗುತ್ತಿದ್ದರೆ ಪ್ರವಾಸ ಎಂದೇ ಬರೆಯಿರಿ. ರಜೆ ಕೊಡಬೇಕೋ ಬೇಡವೋ ಎಂಬುದು ನನ್ನ ತಲೆನೋವು. ಆ ಪತ್ರವನ್ನು ಚೀಲದಲ್ಲಿಟ್ಟು ತರುವವರು ಯಾರು, ಅದನ್ನು ಓದಬಲ್ಲವರು ಯಾರು ಎಂದು ಮಾತ್ರ ಯೋಚಿಸಿ.

ಇನ್ನು ಹಣ. ಅವಧಿಯ ಹೆಚ್ಚಿನ ವಾರಗಳನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ಮೊದಲ ಪಾಠ ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯನೆಂಬ ಶ್ರೀಮಂತ ಸುಂಕದವನದು. ಯೇಸುವನ್ನು ನೋಡಲು ಅವನು ಮರ ಹತ್ತಿದ್ದು ಎಲ್ಲ ಮಕ್ಕಳಿಗೂ ನೆನಪಿರುತ್ತದೆ. ಇಳಿದ ಮೇಲೆ ಅವನು ಹೇಳಿದ ಲೆಕ್ಕ ಅಷ್ಟಾಗಿ ನೆನಪಿರುವುದಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಅವನು ಹೇಳಿದ. ಇಲ್ಲಿ ಎರಡು ಲೆಕ್ಕಗಳಿವೆ. ದಾನದ ಲೆಕ್ಕ ಬೇರೆ, ಮರುಪಾವತಿಯ ಲೆಕ್ಕ ಬೇರೆ. ದೊಡ್ಡ ಕಾಣಿಕೆ ಹಾಕಿದರೆ ಹಳೆಯ ಮೋಸ ಅಳಿಸಿಹೋಗುತ್ತದೆ ಎಂದು ನಂಬಿ ಬದುಕುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಜಕ್ಕಾಯ ಆ ಸುಲಭದ ದಾರಿ ಹಿಡಿಯಲಿಲ್ಲ. ತಪ್ಪೊಪ್ಪಿಕೊಂಡವನು ಮೂಲಧನದ ಜೊತೆ ಐದನೆಯ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕು ಎಂದು ಸತ್ಯವೇದದ ಅರಣ್ಯಕಾಂಡ ಹೇಳುತ್ತದೆ. ನಾಲ್ಕರಷ್ಟು ತೆರಬೇಕಾದವನು ಕುರಿಯನ್ನು ಕದ್ದು ಕೊಯ್ದ ಅಥವಾ ಮಾರಿದ ಕಳ್ಳ. ಜಕ್ಕಾಯ ಆ ಕಳ್ಳನ ದಂಡವನ್ನು ತಾನಾಗಿಯೇ ತನ್ನ ಮೇಲೆ ಹಾಕಿಕೊಂಡ. ಹೀಗೆ ಮಾಡು ಎಂದು ಯೇಸು ಅವನಿಗೆ ಹೇಳಿದ್ದಾಗಿ ಲೂಕನು ಎಲ್ಲಿಯೂ ಬರೆದಿಲ್ಲ.

ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ ಬಡ ವಿಧವೆಯ ಪ್ರಸಂಗವೂ ಪಾಠದಲ್ಲಿದೆ. ಅದನ್ನು ಓದುವ ರೀತಿ ಬದಲಾಗಲಿದೆ. ಮಾರ್ಕನ 12ನೆಯ ಅಧ್ಯಾಯದಲ್ಲಿ ಆ ಪ್ರಸಂಗಕ್ಕೆ ಸ್ವಲ್ಪ ಮೊದಲೇ, ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಕಟುವಾದ ಮಾತಿದೆ. ಎರಡನ್ನೂ ಒಟ್ಟಿಗೆ ಓದಿದಾಗ, ವಿಧವೆಯನ್ನು ಹೊಗಳಿ ಮುಂದಕ್ಕೆ ಹೋಗಲು ಆಗುವುದಿಲ್ಲ; ಅವಳ ಬಳಿ ಎರಡೇ ಕಾಸು ಉಳಿದದ್ದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಈ ಕಾರಣಕ್ಕೇ ಶಾಲೆಯ ಸಹಾಯನಿಧಿಯ ಕ್ರಮವನ್ನೂ ಬದಲಿಸಿದ್ದೇವೆ. ಯಾವ ತರಗತಿ ಎಷ್ಟು ಸಂಗ್ರಹಿಸಿತು ಎಂದು ಇನ್ನು ಮುಂದೆ ಪ್ರಾರ್ಥನಾ ಸಭೆಯಲ್ಲಿ ಓದಿ ಹೇಳುವುದಿಲ್ಲ. ಲಕೋಟೆಯ ಮೇಲೆ ಹೆಸರು ಇರುವುದಿಲ್ಲ. ನಿಮ್ಮಲ್ಲಿ ಒಂದು ಕೋರಿಕೆ: ಲಕೋಟೆಯನ್ನು ನೀವು ತುಂಬಿ ಕಳುಹಿಸಬೇಡಿ. ಮಗು ತನ್ನ ಕೈಖರ್ಚಿನಿಂದ ಉಳಿಸಿ ಹಾಕಿದ ಒಂದು ನಾಣ್ಯ ಸಾಕು. ಖಾಲಿ ಲಕೋಟೆ ಬಂದರೂ ಯಾರೂ ಕೇಳುವುದಿಲ್ಲ.

ಪ್ರಶ್ನೆಪಟ್ಟಿಯಲ್ಲಿ ನಿಮ್ಮನ್ನು ಅತಿ ಹೆಚ್ಚು ಕಾಡಬಹುದಾದ ಪ್ರಶ್ನೆ ಇದು: ನಮಗಾಗಿ ದುಡಿಯುವವರಿಗೆ ನಾವು ಯಾವ ತಾರೀಖಿಗೆ ಸಂಬಳ ಕೊಡುತ್ತೇವೆ? ತಡವಾದರೆ ಮೊದಲೇ ತಿಳಿಸುತ್ತೇವೆಯೇ? ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಸತ್ಯವೇದದ ಯಾಕೋಬನ ಪತ್ರಿಕೆ ಶ್ರೀಮಂತರಿಗೆ ಹೇಳುತ್ತದೆ. ಮನೆಗೆಲಸದವರು, ವಾಹನ ಚಾಲಕರು, ಅಂಗಡಿಯ ಅಥವಾ ಕಾರ್ಖಾನೆಯ ನೌಕರರು ಯಾರೇ ಆಗಿರಲಿ, ಪ್ರಶ್ನೆ ಅದೇ. ನಿಮ್ಮನ್ನು ಮಾತ್ರ ಕೇಳಿಸಿ ಶಾಲೆ ತಪ್ಪಿಸಿಕೊಳ್ಳುವುದಿಲ್ಲ. ಮಕ್ಕಳು ಇದೇ ಪ್ರಶ್ನೆಯನ್ನು ನನ್ನ ಕೋಣೆಗೆ ಬಂದು ಕೇಳುತ್ತಾರೆ. ಸ್ವಚ್ಛತಾ ಕೆಲಸದವರಿಗೂ ಕಾವಲುಗಾರರಿಗೂ ಸಂಬಳ ಸಂದಾಯವಾದ ತಾರೀಖುಗಳನ್ನು ದಾಖಲೆ ಪುಸ್ತಕದಿಂದಲೇ ತೋರಿಸುತ್ತೇನೆ.

ಹಣದ ಪಾಠದಲ್ಲಿ ಒಂದು ಮಾತನ್ನು ಮಾತ್ರ ಯಾರೂ ಹೇಳಕೂಡದು ಎಂದು ಶಿಕ್ಷಕರಿಗೆ ಕಟ್ಟಪ್ಪಣೆ ಮಾಡಿದ್ದೇನೆ. ನಂಬಿಕೆ ಗಟ್ಟಿಯಾಗಿದ್ದರೆ ಸಂಪತ್ತು ಬರುತ್ತದೆ, ಬಡತನ ಬಂದರೆ ನಂಬಿಕೆಯಲ್ಲೇ ಏನೋ ಕೊರತೆ ಎಂಬ ಮಾತು ಅದು. ಐಶ್ವರ್ಯವಂತನು ದೇವರ ರಾಜ್ಯದಲ್ಲಿ ಸೇರುವುದು ಕಷ್ಟ ಎಂದು ಕೇಳಿದಾಗ ಶಿಷ್ಯರು ಬೆರಗಾದರು, ಏಕೆಂದರೆ ಅವರಿಗೂ ಇದೇ ಭ್ರಮೆ ಇತ್ತು. ತಂದೆಯ ಕೆಲಸ ಹೋದ, ವ್ಯಾಪಾರ ಮುಳುಗಿದ ಮನೆಗಳ ಮಕ್ಕಳು ನಮ್ಮ ಬೆಂಚುಗಳಲ್ಲಿ ಕೂತಿದ್ದಾರೆ. ದೇವರು ನಿಮ್ಮ ಮನೆಯ ಮೇಲೆ ಮುನಿದಿದ್ದಾನೆ ಎಂಬ ಅರ್ಥ ಬರುವ ಒಂದೇ ಒಂದು ವಾಕ್ಯವೂ ಅವರ ಕಿವಿಗೆ ಬೀಳಬಾರದು. ಮನೆಯಲ್ಲೂ ಹಾಗೆಯೇ ನೋಡಿಕೊಳ್ಳಿ. ನೆರೆಮನೆಯವರ ನಷ್ಟದ ಬಗ್ಗೆ ಊಟದ ಹೊತ್ತಿನಲ್ಲಿ ಆಡುವ ಮಾತು ಮರುದಿನ ಶಾಲೆಯ ಅಂಗಳಕ್ಕೆ ಬಂದಿರುತ್ತದೆ.

ಅಧಿಕಾರದ ಪಾಠಕ್ಕೆ ಇಬ್ಬರು ಆಡಳಿತಗಾರರನ್ನು ಎದುರುಬದುರು ನಿಲ್ಲಿಸುತ್ತೇವೆ. ನಮ್ಮ ಹೊರೆ ಇಳಿಸು ಎಂದು ಜನ ಬೇಡಿಕೊಂಡಾಗ ಇಸ್ರಾಯೇಲಿನ ಅರಸ ರೆಹಬ್ಬಾಮನಿಗೆ ಹಿರಿಯರು, ಈ ದಿನ ಜನರ ಸೇವಕನಾಗು ಎಂದರು. ಜೊತೆಗೆ ಬೆಳೆದ ಗೆಳೆಯರು, ನನ್ನ ಕಿರುಬೆರಳು ನನ್ನ ತಂದೆಯ ಸೊಂಟಕ್ಕಿಂತ ದಪ್ಪ ಎಂದು ಹೇಳು ಎಂದರು. ಅವನು ಗೆಳೆಯರ ಮಾತು ಕೇಳಿದ, ಹತ್ತು ಕುಲಗಳನ್ನು ಕಳೆದುಕೊಂಡ. ನೆಹೆಮೀಯ 12 ವರ್ಷ ಯೆಹೂದದ ಅಧಿಪತಿಯಾಗಿದ್ದರೂ ಆ ಪದವಿಗೆ ಸಲ್ಲಬೇಕಾದ ಆಹಾರದ ಭತ್ಯೆಯನ್ನು ತೆಗೆದುಕೊಳ್ಳಲಿಲ್ಲ. ಜನರ ಹೊರೆ ಆಗಲೇ ಭಾರವಾಗಿತ್ತು ಎಂಬುದೇ ಅವನು ಕೊಡುವ ಕಾರಣ. ಹಕ್ಕಿದ್ದೂ ಬಳಸದೆ ಇರುವುದನ್ನು ಕಲಿಸುವುದು ಕಷ್ಟ. ಶಾಲೆಯ ನಾಯಕರಿಗೆ ಬ್ಯಾಡ್ಜ್ ಕೊಟ್ಟ ದಿನದಿಂದಲೇ ಆ ಕಷ್ಟ ನಮಗೆ ಗೊತ್ತಾಗುತ್ತದೆ. ಆರನೆಯ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮದಲ್ಲಿ, ಮುಖ್ಯ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಅಭಿಪ್ರಾಯ ಕೇಳಬೇಕು, ಎಷ್ಟೋ ಸಲ ದೇವರು ಉತ್ತಮವಾದದ್ದನ್ನು ಕಿರಿಯನಿಗೇ ತೋರಿಸುತ್ತಾನೆ ಎಂದು ಬರೆದ. ಯೇಸು ಶಿಷ್ಯರ ಪಾದ ತೊಳೆದ ಪ್ರಸಂಗ ಇದ್ದೇ ಇದೆ. ಆದರೆ ವರ್ಷಕ್ಕೊಮ್ಮೆ ಪೊರಕೆ ಹಿಡಿದು ಫೋಟೊ ತೆಗೆಸಿಕೊಳ್ಳುವುದೇ ಸೇವೆ ಎಂದು ಮಕ್ಕಳು ತಿಳಿಯಬಾರದು. ಅಂದು ಯೇಸು ತೊಳೆದ ಪಾದಗಳಲ್ಲಿ, ಆತನನ್ನು ಹಿಡಿದುಕೊಟ್ಟ ಯೂದನ ಪಾದಗಳೂ ಇದ್ದವು.

ಹತ್ತನೆಯ ತರಗತಿಗೆ ಒಂದು ಜಟಿಲವಾದ ಇತಿಹಾಸವನ್ನೂ ಕೊಡುತ್ತಿದ್ದೇವೆ. ಚಾಕಲೇಟಿಗೆ ಹೆಸರಾದ ಕ್ಯಾಡ್‌ಬರಿ ಸಂಸ್ಥೆ ಆಗ ಕ್ವೇಕರ್ ಕುಟುಂಬವೊಂದರದಾಗಿತ್ತು. ಇಂಗ್ಲೆಂಡಿನ ಬೋರ್ನ್‌ವಿಲ್‌ನಲ್ಲಿ ಕೈತೋಟಗಳಿರುವ ಮನೆಗಳ ಬಡಾವಣೆ ಕಟ್ಟಿಸಿ, ದುಡಿಯುವವರ ಬದುಕು ಹಸನಾಗಬೇಕೆಂದು ಶ್ರಮಿಸಿದ ಮನೆತನ ಅದು. ಅವರು ಕೋಕೋ ಕೊಳ್ಳುತ್ತಿದ್ದ ಪಶ್ಚಿಮ ಆಫ್ರಿಕದ ಕರಾವಳಿಯಾಚೆ ಪೋರ್ಚುಗೀಸ್ ಆಡಳಿತದಲ್ಲಿದ್ದ ಸಾವೊ ತೊಮೆ ದ್ವೀಪದಲ್ಲಿ ಗುಲಾಮರಂತೆ ಜನರನ್ನು ದುಡಿಸುತ್ತಿದ್ದಾರೆ ಎಂಬ ಸುದ್ದಿ 1901ರಲ್ಲಿ ವಿಲಿಯಂ ಕ್ಯಾಡ್‌ಬರಿಯ ಕಿವಿಗೆ ಬಿತ್ತು. ವಿಚಾರಣೆಗೆ ಜನರನ್ನು ಕಳುಹಿಸಿದರು, ಸರ್ಕಾರಗಳೊಡನೆ ಮಾತಾಡಿದರು, ಕೊಳ್ಳುವವರಾಗಿ ಉಳಿದರೆ ಒತ್ತಡ ಹೇರಬಹುದು ಎಂದು ವಾದಿಸಿದರು. ಖರೀದಿ ನಿಲ್ಲಿಸಿದ್ದು 1909ರಲ್ಲಿ. ಈ ವಿಳಂಬವನ್ನು ಹಂಗಿಸಿದ ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಹೂಡಿ ಗೆದ್ದರು. ಪರಿಹಾರವಾಗಿ ಜ್ಯೂರಿ ಕೊಡಿಸಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಎಂಟು ವರ್ಷ ತೀರಾ ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ. ಒಪ್ಪದ ಶಿಕ್ಷಕರೂ ನಮ್ಮಲ್ಲಿದ್ದಾರೆ. ಮಕ್ಕಳು ವಾದಿಸಲಿ, ಇದಕ್ಕೆ ಮಾದರಿ ಉತ್ತರ ಸಿದ್ಧಪಡಿಸಿಲ್ಲ, ಅಂಕಗಳೂ ಇಲ್ಲ. ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ ನಿರ್ಧಾರ ತೆಗೆದುಕೊಳ್ಳುವ ನಿಮ್ಮಂಥವರು ಈ ಚರ್ಚೆಗೆ ಬಂದು ಕೂತರೆ, ತಿಳಿದ ಮೇಲೂ ಏಕೆ ತಡವಾಗುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲಿರಿ.

ನಿಮ್ಮಲ್ಲಿ ಅನೇಕರು ಕ್ರೈಸ್ತರಲ್ಲ. ಮಕ್ಕಳ ನಂಬಿಕೆಯನ್ನು ಬದಲಿಸುವುದು ಈ ಪಾಠದ ಉದ್ದೇಶವಲ್ಲ. ತೂಕ, ಸಂಬಳ, ಮಾತಿನ ಬಗೆಗಿನ ಪ್ರಶ್ನೆಗಳಿಗೆ ನಿಮ್ಮ ಮನೆಯ ಪರಂಪರೆಯಿಂದಲೇ ಉತ್ತರಿಸಿ. ಅದನ್ನು ತರಗತಿಯಲ್ಲಿ ಅಷ್ಟೇ ಗೌರವದಿಂದ ಕೇಳಿಸಿಕೊಳ್ಳುತ್ತೇವೆ. ಪಾಠವೇ ಬೇಡ ಎನ್ನುವವರು ಒಂದು ಸಾಲು ಬರೆದು ಕಳುಹಿಸಿದರೆ ಸಾಕು, ಆ ಹೊತ್ತಿನಲ್ಲಿ ಮಗು ಗ್ರಂಥಾಲಯದಲ್ಲಿ ಓದಿಕೊಳ್ಳಬಹುದು. ಕಾರಣ ಕೇಳುವುದಿಲ್ಲ.

ಪ್ರಶ್ನೆಪಟ್ಟಿ ಮುಂದಿನ ತಿಂಗಳ ಮೊದಲ ಸೋಮವಾರ ಮನೆಗೆ ಬರುತ್ತದೆ. ನಿಮ್ಮ ಆದಾಯವೆಷ್ಟು, ಸಾಲವೆಷ್ಟು ಎಂದು ಅದರಲ್ಲಿ ಎಲ್ಲಿಯೂ ಕೇಳಿಲ್ಲ. ಎಲ್ಲಕ್ಕೂ ಉತ್ತರಿಸಬೇಕೆಂದಿಲ್ಲ, ಬರೆದುಕೊಡುವುದೂ ಬೇಡ, ಹಾಳೆಯನ್ನು ನಾವು ಹಿಂದಕ್ಕೆ ಪಡೆಯುವುದಿಲ್ಲ. ಮಗು ಕೇಳಲಿ, ನೀವು ಹೇಳಿ. ಗೆದ್ದ ಪ್ರಸಂಗಗಳನ್ನಷ್ಟೇ ಹೇಳಬೇಡಿ. ಹದಿನೈದರ ವಯಸ್ಸಿನವರಿಗೆ ಅದು ಬೇಗ ಗೊತ್ತಾಗಿಬಿಡುತ್ತದೆ. ಆ ವಾರದ ಎಲ್ಲ ದಿನ ಸಂಜೆ ಐದರವರೆಗೆ ನಾನು ಕಚೇರಿಯಲ್ಲಿರುತ್ತೇನೆ. ಪ್ರಶ್ನೆಗಳ ಬಗ್ಗೆ ಜಗಳವಾಡಬೇಕೆನಿಸಿದವರು ಮೊದಲೇ ಸಮಯ ಗೊತ್ತುಪಡಿಸಿಕೊಳ್ಳಬೇಕಾಗಿಲ್ಲ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ